ನಾನು ಹಾಕದ ಸದ್ದು

ಹೆದರಿಸುವ ಚಿತ್ರಗಳಿಗೆ ಸದ್ದು ಕೂಡಿಸುವುದು ನನ್ನ ಕೆಲಸ. ಕುಮಟಾ ಪೇಟೆಯಿಂದ ಸ್ವಲ್ಪ ಒಳಗೆ, ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯ ಗೋಡೆಗೆಲ್ಲ ದಪ್ಪ ಗಾದಿ ಹೊಡೆಸಿ, ಎರಡು ಪದರದ ಬಾಗಿಲು ಹಾಕಿಸಿಕೊಂಡು ಕೂತಿದ್ದೇನೆ. ಮಾತು, ಸಂಗೀತ, ಹೆಜ್ಜೆ, ಗಾಳಿ, ಬಾಗಿಲು, ಉಸಿರು ಎಲ್ಲವೂ ಬೇರೆ ಬೇರೆಯಾಗಿ ನನ್ನ ಹತ್ತಿರ ಬರುತ್ತವೆ. ಯಾವುದು ಎಷ್ಟು ಕೇಳಬೇಕು, ಯಾವುದು ಯಾವಾಗ ಬಾಯಿ ಮುಚ್ಚಬೇಕು ಎಂದು ನೋಡಿ ಒಂದು ಮಾಡಿ ಕೊಡುತ್ತೇನೆ. ಮಿಕ್ಸಿಂಗ್ ಎಂದರೆ ಅಷ್ಟೇ. ಕಲಿತದ್ದು ಮುಂಬೈಯಲ್ಲಿ. ಗಂಡನಿಗೆ ಕುಮಟಾದಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲೆ ಇಬ್ಬರೂ ಇಲ್ಲಿಗೆ ಬಂದೆವು. ಪ್ರೇಮಕಥೆಗಳಿಗೂ ಹಾಸ್ಯದ ಚಿತ್ರಗಳಿಗೂ ದೊಡ್ಡ ಊರಿನ ಸ್ಟುಡಿಯೋಗಳೇ ಬೇಕಂತೆ. ಕಡಿಮೆ ಖರ್ಚಿನ ದೆವ್ವದ ಚಿತ್ರಗಳು ಮಾತ್ರ ನನ್ನನ್ನು ಹುಡುಕಿಕೊಂಡು ಬಂದವು.

ಅಮ್ಮ ಭಟ್ಕಳದ ಹತ್ತಿರ ಬೆಳಕೆಯಲ್ಲಿದ್ದಾಳೆ. ಮೀನು ಮಾರಿ ನಮ್ಮನ್ನು ಬೆಳೆಸಿದವಳು. ನನ್ನ ಕೆಲಸ ಎಂಥದೆಂದು ಯಾರಾದರೂ ಕೇಳಿದರೆ "ಮಗಳು ಪಿಚ್ಚರಿಗೆ ಕೂಗು ಹಾಕ್ತಾಳೆ" ಎನ್ನುತ್ತಿದ್ದಳು. ತೀರಾ ತಪ್ಪೂ ಅಲ್ಲ. ಕುಮಟಾಕ್ಕೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಒಳಬಾಗಿಲು ಹಾಕುವುದನ್ನು ಮರೆತು ಹೆಣ್ಣೊಬ್ಬಳ ಕಿರುಚಾಟವನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದೆ. ಪಕ್ಕದ ಮನೆಯ ಕೊಂಕಣಿ ಮಾತಾಡುವ ಹೆಂಗಸೊಬ್ಬರು ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಓಡಿ ಬಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಡ ಎಲ್ಲಿದ್ದಾರೆ ಎಂದು ಕೇಳಿದರು. ಕೋಣೆಗೆ ಕರೆದು ಕೂರಿಸಿ ಅದೇ ಕಿರುಚಾಟವನ್ನು ಇನ್ನೊಮ್ಮೆ ಹಾಕಿ ತೋರಿಸಿದ ಮೇಲೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಜೋರು ಸದ್ದು ಮಾಡಿದರೆ ಜನ ಹೆದರುತ್ತಾರೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಜೋರು ಸದ್ದಿಗೆ ಜನ ಬೆಚ್ಚುತ್ತಾರೆ, ಅಷ್ಟೆ. ಹೆದರಿಸುವುದು ಬೇರೆ. ಮೊದಲು ಜೀರುಂಡೆ ಕೂಗುತ್ತಿರುತ್ತದೆ, ದೂರದಲ್ಲಿ ಸಮುದ್ರ ಇರುತ್ತದೆ, ಮನೆಯಲ್ಲಿ ಫ್ಯಾನ್ ತಿರುಗುತ್ತಿರುತ್ತದೆ. ಇವನ್ನು ಒಂದೊಂದಾಗಿ, ಯಾರಿಗೂ ಗೊತ್ತಾಗದ ಹಾಗೆ ಇಳಿಸುತ್ತಾ ಹೋಗಬೇಕು. ಕೊನೆಗೆ ಏನೂ ಉಳಿಯದಿದ್ದಾಗ ಸಿನಿಮಾ ಹಾಲಿನಲ್ಲಿ ಕೂತವನು ತಾನಾಗಿಯೇ ಕಿವಿ ಚಾಚುತ್ತಾನೆ. ಚಾಚಿದ ಆ ಕಿವಿಗೆ ಸಣ್ಣದೊಂದು ಸದ್ದು ಸಾಕು.

ಈಗ ಹೇಳಹೊರಟಿರುವ ಚಿತ್ರವನ್ನು ಮಾಡಿದವನು ಹೊನ್ನಾವರದ ಹುಡುಗ. ಮದುವೆಗಳ ವಿಡಿಯೋ ತೆಗೆದು ಪಳಗಿದವನು. ಅದು ಅವನ ಮೊದಲ ಚಿತ್ರ. ದುಡ್ಡು ಹಾಕಿದವರು ಅವನ ಭಾವ, ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕಥೆ ಸರಳವಾಗಿತ್ತು. ಮದುವೆಯಾಗಿ ಬಂದ ಹುಡುಗಿಗೆ ಗಂಡನ ಮನೆಯ ಅಟ್ಟದಲ್ಲಿ ಯಾರೋ ಏನನ್ನೋ ಎಳೆಯುವ ಸದ್ದು ಕೇಳುತ್ತದೆ. ಬೇರೆ ಯಾರಿಗೂ ಕೇಳುವುದಿಲ್ಲ. ಅಪ್ಸರಕೊಂಡದಲ್ಲಿ ಒಂದಿಷ್ಟು, ಬೆಳಕೆಯಲ್ಲಿ ಬಹಳಷ್ಟು ಚಿತ್ರೀಕರಣವಾಯಿತು. ಮದುವೆಯ ದೃಶ್ಯಕ್ಕೆ ಜನ ಬೇಕಾದಾಗ ಅಮ್ಮನೂ ಅವಳ ಜೊತೆಯ ಮೀನು ಮಾರುವ ಹೆಂಗಸರೂ ಜರಿ ಸೀರೆ ಉಟ್ಟು ಸಾಲಾಗಿ ಕೂತಿದ್ದರು.

ಅಟ್ಟದ ಸದ್ದೇ ಚಿತ್ರದ ಜೀವ. ಅದನ್ನು ನಾನು ಬೆಳಕೆಯ ದಂಡೆಯಲ್ಲಿ ಹಿಡಿದೆ. ಹಳೆಯ ಮರದ ದೋಣಿಯೊಂದನ್ನು ದಿಮ್ಮಿಗಳ ಮೇಲೆ ಜಾರಿಸಿ ಮೇಲೆ ತರುವಾಗ ಅದರ ಹಲಗೆಗಳು ನರಳುತ್ತವೆ. ಮೈಕನ್ನು ದೋಣಿಯ ಹೊಟ್ಟೆಯೊಳಗೇ ಇಟ್ಟು ಆ ನರಳಾಟವನ್ನು ತಂದು, ನಿಧಾನ ಮಾಡಿ, ಅಡಿಗೆ ಒಂದು ಗುಡುಗಿನಂಥ ದಪ್ಪ ದನಿ ಸೇರಿಸಿದೆ. ಮೊದಲ ಸಲ ಕೇಳಿದಾಗ ನಿರ್ದೇಶಕ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತ.

ಜಗಳವಾದದ್ದು ಒಂದೇ ಜಾಗದಲ್ಲಿ. ಹುಡುಗಿ ದೀಪ ಹಿಡಿದು ಅಟ್ಟದ ಏಣಿಯ ಬುಡದಲ್ಲಿ ನಿಲ್ಲುತ್ತಾಳೆ. ಅಲ್ಲಿ ಪಿಟೀಲು ಬೇಕೆಂದು ಅವನು, ಏನೂ ಬೇಡವೆಂದು ನಾನು. ದಿನಗಟ್ಟಲೆ ಎಳೆದಾಡಿದೆವು. ಕೊನೆಗೆ ಅವನು ಸೋತು, ಜನರ ಮುಂದೆ ಒಮ್ಮೆ ಹಾಕಿ ನೋಡೋಣ, ಆಮೇಲೆ ತೀರ್ಮಾನ ಎಂದ. ಅದಕ್ಕೇ ಆ ಪ್ರದರ್ಶನ ಇಟ್ಟುಕೊಂಡದ್ದು.

ಹೊನ್ನಾವರಕ್ಕೂ ಕುಮಟಾಕ್ಕೂ ನಡುವೆ ಒಂದು ಊರಿನಲ್ಲಿ ಮುಚ್ಚಿದ ಟಾಕೀಸು ಇತ್ತು. ಊರಿನ ಹೆಸರು ಇಲ್ಲಿ ಬೇಡ. ಹಲವು ವರ್ಷ ಶಾಮಿಯಾನದವರು ಕುರ್ಚಿ, ಹಂಡೆ ಇಡಲು ಅದನ್ನು ಬಳಸಿದ್ದರು. ಮೇಲೆ ತಗಡಿನ ಮಾಡು, ಕೆಳಗೆ ಹಲಗೆಯ ಮುಚ್ಚಿಗೆ. ಮುಚ್ಚಿಗೆಯಲ್ಲಿ ಅಲ್ಲಲ್ಲಿ ನೀರಿನ ಕಲೆ. ತಗಡು ಹೊಸತು ಹಾಕಿಸಿದ್ದೇನೆ, ಈ ಮಳೆಗೆ ಒಳಗೆ ಒಂದು ಹನಿಯೂ ಬಿದ್ದಿಲ್ಲ ಎಂದು ಮಾಲೀಕರು ಹೇಳಿದರು. ನಾವೂ ನಂಬಿದೆವು. ಬಾಡಿಗೆಗೆ ತಂದ ಸ್ಪೀಕರುಗಳನ್ನು ಪರದೆಯ ಎರಡೂ ಬದಿಗೆ ಇಟ್ಟು, ಹಿಂದಿನ ಎರಡು ಮೂಲೆಗಳಲ್ಲಿ ಕಂಬದ ಮೇಲೆ ಒಂದೊಂದು ನಿಲ್ಲಿಸಿದೆ. ಮೇಲುಗಡೆ ಸ್ಪೀಕರ್ ಒಂದೂ ಇರಲಿಲ್ಲ. ಈ ಮಾತು ಮುಂದೆ ಹಲವರಿಗೆ ಹಲವು ಸಲ ಹೇಳಬೇಕಾಯಿತು.

ಮಳೆ ಸರಿದು ಬಿಸಿಲು ಬಿದ್ದ ಒಂದು ಭಾನುವಾರ ಬೆಳಿಗ್ಗೆ ಜನ ಬಂದರು. ಬೆಳಕೆಯವರು ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಮದುವೆಯ ದೃಶ್ಯಕ್ಕೆ ಉಟ್ಟ ಸೀರೆಯನ್ನೇ ಕೆಲವರು ಉಟ್ಟಿದ್ದರು. ಅಮ್ಮ ತನ್ನ ಗುಂಪಿನೊಂದಿಗೆ ನಡುವಿನ ಸಾಲಿನಲ್ಲಿ ಕೂತಳು. ನಾನು ಎಲ್ಲರಿಗಿಂತ ಹಿಂದೆ, ಒಂದು ಮೇಜಿನ ಮೇಲೆ ಲ್ಯಾಪ್‌ಟಾಪ್ ಮತ್ತು ಸಣ್ಣ ಮಿಕ್ಸರ್ ಇಟ್ಟುಕೊಂಡು ಕೂತೆ. ಗಡಗಡ ಎನ್ನುವ ಫ್ಯಾನುಗಳನ್ನು ಆರಿಸಿರಬೇಕೆಂದು ಮೊದಲೇ ಹೇಳಿದ್ದೆ. ಶುರುವಾಗುವ ಮೊದಲು ನಿರ್ದೇಶಕ ಮೈಕ್ ಹಿಡಿದು ಎಲ್ಲರನ್ನೂ ಸ್ವಾಗತಿಸಿ, ನಗುತ್ತಾ ಒಂದು ಮಾತು ಹೇಳಿದ. ಚಿತ್ರದ ನಡುವೆ ಹಾಲಿನಲ್ಲೇ ಏನಾದರೂ ನಡೆದೀತು, ಹೆದರಿ ಓಡಬೇಡಿ ಎಂದ. ಜನ ನಕ್ಕರು.

ಏಣಿಯ ದೃಶ್ಯ ಬಂತು.  ಜೀರುಂಡೆ ಇಳಿಯಿತು. ಸಮುದ್ರ ಇಳಿಯಿತು. ಹುಡುಗಿಯ ಬಳೆ ಒಮ್ಮೆ ಕಿಣಿಗುಟ್ಟಿ ನಿಂತಿತು. ಆಮೇಲೆ ಏನೂ ಇಲ್ಲ. ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದದ್ದು ನನಗೆ ಗೊತ್ತಾಯಿತು. ಗೆದ್ದೆ ಎಂದುಕೊಂಡೆ.

ಆಗ ಮೇಲಿನಿಂದ ಒಂದು ಸದ್ದು ಬಂತು. ಒಣಗಿದ ಮರ ತಿರುಚಿಕೊಳ್ಳುವಂಥದ್ದು. ಉದ್ದವಿಲ್ಲ. ಕೊನೆಯಲ್ಲಿ ಒಂದು ಸಣ್ಣ ಟಕ್.

ಹೆಂಗಸರು ಹೌಹಾರಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಯಾರೋ ದೇವರ ಹೆಸರು ಹೇಳಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಿರ್ದೇಶಕ ತಿರುಗಿ, ಕತ್ತಲಲ್ಲೇ ನನಗೆ ಹೆಬ್ಬೆರಳು ಎತ್ತಿ ತೋರಿಸಿದ. ತನಗೆ ತಿಳಿಸದೆ ನಾನು ಅದನ್ನು ಸೇರಿಸಿದ್ದೇನೆ ಎಂದು ಅವನು ತಿಳಿದ.

ನಾನು ಸೇರಿಸಿರಲಿಲ್ಲ. ಆ ಚಿತ್ರದಲ್ಲಿ ಇರುವ ಒಂದೊಂದು ಸದ್ದನ್ನೂ ನಾನು ನೂರಾರು ಸಲ ಕೇಳಿದ್ದೆ. ಮೇಜಿನ ಮೇಲಿನ ಪರದೆ ನೋಡಿದೆ. ಸದ್ದು ಇದ್ದರೆ ಏರಿಳಿಯಬೇಕಾದ ಗೆರೆಗಳು ನೆಲಕ್ಕೆ ಮಲಗಿದ್ದವು. ಬಿಸಿಲಿಗೆ ತಗಡು ಹಿಗ್ಗಿರಬೇಕು, ಅಥವಾ ಬೆಕ್ಕು ಓಡಾಡಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ತಗಡಿನ ಸದ್ದು ತೆಳ್ಳಗಿರುತ್ತದೆ. ಇದು ತೆಳ್ಳಗಿರಲಿಲ್ಲ.

ಮುಂದಿನ ದೃಶ್ಯಕ್ಕೆ ಸಂಗೀತ ಶುರುವಾಯಿತು. ಸಂಗೀತದ ಅಡಿಯಲ್ಲಿ ಅದು ಮತ್ತೆ ಬಂತು, ಈ ಸಲ ಉದ್ದವಾಗಿ, ಬಲಗಡೆಯಿಂದ ನಡುವಿಗೆ ಸರಿದು. ಎದ್ದು ನಿಂತೆ. ಪ್ರೊಜೆಕ್ಟರಿನ ಬೆಳಕು ನನ್ನ ತಲೆಯ ಮೇಲಿಂದ ಪರದೆಗೆ ಹೋಗುತ್ತಿತ್ತು. ಆ ಬೆಳಕಿನಲ್ಲಿ ಸಣ್ಣ ಪುಡಿ ಇಳಿಯುತ್ತಿತ್ತು, ಜರಡಿಯಲ್ಲಿ ಹಿಟ್ಟು ಇಳಿದ ಹಾಗೆ. ಎಲ್ಲ ಕಡೆ ಅಲ್ಲ. ನಡುವಿನ ಸಾಲುಗಳ ಮೇಲೆ ಮಾತ್ರ. ಅಮ್ಮ ಅಲ್ಲಿ ಕೂತಿದ್ದಳು.

ಕೂಗಿದರೆ ಏನಾಗುತ್ತದೆ ಎಂಬುದು ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಓಡಿತು. ಕತ್ತಲು, ಹೆದರಿ ಕೂತ ಜನ, ಮಕ್ಕಳು, ಹಿಂದೆ ಒಂದೇ ಬಾಗಿಲು. ಬದಿಯ ಬಾಗಿಲಿಗೆ ಅಡ್ಡವಾಗಿ ಶಾಮಿಯಾನದವರ ಕುರ್ಚಿಗಳು ಒಂದರ ಮೇಲೊಂದು ಪೇರಿಸಿ ಇದ್ದವು. ಬೆಳಿಗ್ಗೆಯೇ ಕಣ್ಣಿಗೆ ಬಿದ್ದಿತ್ತು. ಬಾಗಿಲ ಬಳಿ ನಿಂತಿದ್ದ ಇಬ್ಬರು ಗಂಡಸರಿಗೆ ಆ ಕುರ್ಚಿ ಸರಿಸಿ ಬಾಗಿಲು ತೆಗೆಯಲು ಮೆಲ್ಲಗೆ ಹೇಳಿದೆ. ಎಂತಕ್ಕೆ ಎಂದು ಅವರು ಕೇಳಲಿಲ್ಲ. ನನ್ನ ಮುಖ ಹಾಗಿತ್ತೋ ಏನೋ. ಆಮೇಲೆ ಮೇಜಿಗೆ ಬಂದು ಚಿತ್ರದ ಸದ್ದನ್ನು ಪೂರ್ತಿ ಇಳಿಸಿ, ಮೈಕ್ ತೆಗೆದುಕೊಂಡು, ಯಂತ್ರ ಬಿಸಿಯಾಗಿದೆ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಹೋಗಿ ಚಾ ಕುಡಿದು ಬರೋಣ ಎಂದೆ.

ಯಾರೂ ಏಳಲಿಲ್ಲ. ಚಪ್ಪಾಳೆ ತಟ್ಟಿದರು. ಹಾಲಿನಲ್ಲೇ ಏನೋ ನಡೆಯುತ್ತದೆ ಎಂದು ನಿರ್ದೇಶಕ ಹೇಳಿದ್ದು ಇದನ್ನೇ ಎಂದು ಅವರಿಗೆ ಅನಿಸಿತ್ತು. ಅವನು ನಡುಹಾದಿಯಲ್ಲಿ ಸರಸರನೆ ನನ್ನ ಕಡೆ ಬಂದ.

"ಎಂತ ಮಾಡ್ತಿದ್ರಿ ಅಕ್ಕಾ? ಜನ ಉಸ್ರು ಹಿಡಕಂಡು ಕೂತಿದ್ರು" ಎಂದ. ದನಿ ತಗ್ಗಿಸಿದ್ದ, ಆದರೆ ಸಿಟ್ಟು ಕಾಣುತ್ತಿತ್ತು.

ಮೇಲೆ ನೋಡು ಎಂದೆ. ಅವನು ನೋಡಲಿಲ್ಲ. ಮಿಕ್ಸರಿನ ಕಡೆ ಕೈ ಚಾಚಿದ. ಕೈಯನ್ನು ಅಡ್ಡ ಹಿಡಿದೆ. ಪರದೆಯ ಮೇಲೆ ಹುಡುಗಿ ಸದ್ದಿಲ್ಲದೆ ಬಾಯಿ ತೆರೆದು ಕಿರುಚುತ್ತಿದ್ದಳು. ಆ ಮೌನದಲ್ಲಿ ಮೂರನೆಯ ಸಲ ಅದು ಬಂತು. ಈಗ ಎಲ್ಲರಿಗೂ ಕೇಳಿತು. ನಿಂತು ನಿಂತು, ಯಾರೋ ಭಾರದ ಪೆಟ್ಟಿಗೆ ಎಳೆದ ಹಾಗೆ ಬಂತು. ಚಪ್ಪಾಳೆ ನಿಂತಿತು. ಆದರೂ ಜನ ಏಳಲಿಲ್ಲ. ಮುಂದೇನು ಎಂದು ಕಾಯುತ್ತಿದ್ದರು. ನಾನು ಕಲಿಸಿದ್ದನ್ನೇ ಅವರು ಮಾಡುತ್ತಿದ್ದರು, ಕಿವಿ ಚಾಚಿ ಕೂತಿದ್ದರು.

ಮತ್ತೆ ಮೈಕ್ ಎತ್ತಿದೆ. "ಈ ಸದ್ದು ಚಿತ್ರದ್ದಲ್ಲ. ನಾನು ಹಾಕಿದ್ದಲ್ಲ. ಮಾಡಿನಿಂದ ಬರ್ತಾ ಇದೆ" ಎಂದೆ.  ನನ್ನ ದನಿ ಹಾಲಿನ ನಾಲ್ಕೂ ಮೂಲೆಯಿಂದ ನನಗೇ ಕೇಳಿತು.

ಅಮ್ಮ ಎದ್ದು ನಿಂತಳು. ಮೀನು ಪೇಟೆಯಲ್ಲಿ ಕೂಗಿ ಕೂಗಿ ಗಟ್ಟಿಯಾದ ಗಂಟಲು ಅದು. ಮೈಕ್ ಬೇಕಾಗಿರಲಿಲ್ಲ. ಆದರೆ ಅವಳು ಕೂಗಲಿಲ್ಲ. ಸಂತೆಯಿಂದ ಮನೆಗೆ ಹೊರಡುವ ಹೊತ್ತಾಯಿತು ಎನ್ನುವ ಹಾಗೆ ಹೇಳಿದಳು. "ಅವಳು ತನ್ನ ಕೆಲ್ಸ ಅವಳೇ ನಿಲ್ಸೂಳಲ್ಲ. ಏಳ್ರೇ ಎಲ್ಲ. ಮಕ್ಕಳ್ನ ಎತ್ಕಳಿ. ಓಡೂದು ಬೇಡ."

ಬೆಳಕೆಯ ಹೆಂಗಸರು ಎದ್ದರು. ಅವರು ಎದ್ದದ್ದು ನೋಡಿ ಉಳಿದವರೂ ಎದ್ದರು. ಬದಿಯ ಬಾಗಿಲು ತೆರೆದು ಬಿಸಿಲು ಒಳಗೆ ನುಗ್ಗಿತು. ಆ ಬೆಳಕಿನಲ್ಲಿ ಪುಡಿ ಎಷ್ಟು ದಟ್ಟವಾಗಿ ಇಳಿಯುತ್ತಿದೆ ಎಂದು ಕಂಡಾಗ ಒಬ್ಬಿಬ್ಬರು ನೂಕಿದರು. ಅಮ್ಮ ಹಾದಿಯ ಬಾಯಿಗೆ ನಿಂತು, ನೂಕುವವರ ಎದೆಗೆ ಕೈ ಒಡ್ಡಿ, ಮುದುಕರನ್ನೂ ಮಕ್ಕಳನ್ನೂ ಮುಂದೆ ಬಿಟ್ಟಳು. ಬಾ ಎಂದು ನಾನು ಹಿಂದಿನಿಂದ ಕರೆದೆ. ಅವಳು ಬರಲಿಲ್ಲ. ಅವಳ ತಲೆಯ ಮೇಲಿನ ಹಲಗೆ ಹೊಟ್ಟೆ ಬಿಟ್ಟಂತೆ ಕೆಳಗೆ ಬಾಗಿದ್ದು ನನಗೆ ಕಾಣುತ್ತಿತ್ತು. ಎಲ್ಲರೂ ದಾಟಿದ ಮೇಲೆ ನಾನೇ ಹೋಗಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದೆ.

ಹೊರಗೆ ಅಂಗಳದಲ್ಲಿ ಜನ ತಮ್ಮ ತಮ್ಮವರನ್ನು ಹುಡುಕುತ್ತಿದ್ದರು. ಏನೂ ಆಗಲಿಲ್ಲವಲ್ಲ ಎಂದು ಕೆಲವರು ಗೊಣಗಲು ಶುರು ಮಾಡಿದ್ದರು. ನಿರ್ದೇಶಕ ಒಳಗೇ ಇದ್ದ. ಬಾಗಿಲಿನಿಂದ ನೋಡಿದೆ. ಖಾಲಿ ಕುರ್ಚಿಗಳ ನಡುವೆ ನಿಂತು, ಮೊಬೈಲಿನ ಟಾರ್ಚ್ ಮೇಲಕ್ಕೆ ಹಿಡಿದಿದ್ದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ವರ್ಷಗಟ್ಟಲೆ ಕಾದ ಬೆಳಿಗ್ಗೆ ಕೈತಪ್ಪಿದವನ ಮುಖ ಅದು. ಬಾ ಹೊರಗೆ ಎಂದೆ.

"ಎಂತದೂ ಇಲ್ಲ ಅಕ್ಕಾ, ನೋಡಿ ಬೇಕಾದ್ರೆ" ಎಂದ.

ಮಾಡು ಬೀಳುವ ಸದ್ದನ್ನು ನನಗೆ ಮಾಡಲು ಕೊಟ್ಟಿದ್ದರೆ ದೊಡ್ಡ ಸಿಡಿತ, ಅದರ ಹಿಂದೆ ಉದ್ದನೆಯ ಗುಡುಗು, ಕೊನೆಗೆ ಉರುಳುವ ಚೂರುಗಳು ಎಲ್ಲವನ್ನೂ ಹಾಕುತ್ತಿದ್ದೆ. ನಿಜವಾಗಿ ಕೇಳಿದ್ದು ಲಾರಿಯಿಂದ ಅಕ್ಕಿ ಮೂಟೆ ಕೆಡವಿದಂಥ ಒಂದು ಮೊಂಡು ಸದ್ದು. ಆಮೇಲೆ ಬಾಗಿಲಿನಿಂದ ಹೊಗೆಯಂತೆ ದೂಳು. ಆಮೇಲೆ ಅವನ ದನಿ, ತೆಳ್ಳಗೆ, ತನ್ನ ಅಮ್ಮನನ್ನು ಕರೆಯುತ್ತಿತ್ತು.

ಬೆಳಕೆಯ ಮೂವರು ಒಳಗೆ ನುಗ್ಗಿ ಹಲಗೆ ಎತ್ತಿ ಅವನನ್ನು ಹೊರಗೆ ತಂದರು. ಮುಖ್ಯ ತೊಲೆ ಅವನಿಂದ ಕೈಯಳತೆಯ ದೂರದಲ್ಲಿ ಬಿದ್ದಿತ್ತು. ಭುಜದ ಎಲುಬು, ಒಂದು ಕಾಲು ಮುರಿದಿದ್ದವು. ಹೊನ್ನಾವರದ ಆಸ್ಪತ್ರೆಗೆ ಒಯ್ದೆವು, ಅಲ್ಲಿಂದ ಮಣಿಪಾಲಕ್ಕೆ ಕಳಿಸಿದರು. ಅವನು ಪ್ರಜ್ಞೆ ತಪ್ಪುವಂಥ ನೋವಿನಲ್ಲೂ ಎಚ್ಚರದಿಂದಿದ್ದ. ನನ್ನ ಕೈ ಬಿಡಲಿಲ್ಲ. ನನ್ನ ಅಮ್ಮನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು, ದೂಳಿನಿಂದ. ಅದನ್ನು ಸಂಜೆವರೆಗೂ ಅವಳು ಕೊಡವಿಕೊಳ್ಳಲಿಲ್ಲ.

ಮರುದಿನ ಸರ್ಕಾರದ ಇಂಜಿನಿಯರ್ ಬಂದು ನೋಡಿದರು. ಗೋಡೆಯೊಳಗೆ ಹುಗಿದ ತೊಲೆಯ ತುದಿ ಹಲವು ಮಳೆಗೆ ನೆನೆದು ಕೊಳೆತಿತ್ತು. ಹೊಸ ತಗಡನ್ನು ಅದೇ ತೊಲೆಯ ಮೇಲೆ ಹೊಡೆದಿದ್ದರು. ನನ್ನ ದಪ್ಪ ದನಿಗೆ ಅದು ಅಲುಗಿ ಬಿತ್ತೇ ಎಂದು ಕೇಳಿದೆ. ಇಲ್ಲ, ನಿನ್ನೆ ಅಲ್ಲದಿದ್ದರೆ ಮುಂದಿನ ಗಾಳಿಗೆ ಬೀಳುತ್ತಿತ್ತು ಎಂದರು. ಇನ್ನೊಮ್ಮೆ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, ಮನೆಗೆ ಹೋಗಿ ಮಲಗಿ ಎಂದರು.

ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ಕೆಲಸಕ್ಕೆ ಕೂತರೆ ಕಿವಿ ಮೇಲಕ್ಕೆ ಹೋಗುತ್ತಿತ್ತು. ಗಂಡ ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿಸಿದರೆ ಎದ್ದು ನಿಲ್ಲುತ್ತಿದ್ದೆ. ಇತ್ತ ಮೊಬೈಲುಗಳಲ್ಲಿ ಕುಸಿದ ಹಾಲಿನ ವಿಡಿಯೋ ಓಡಾಡತೊಡಗಿತ್ತು. ದೆವ್ವದ ಚಿತ್ರ ತೋರಿಸಿದ್ದಕ್ಕೆ ಮಾಡು ಬಿತ್ತು ಎಂದು ಅದರ ಕೆಳಗೆ ಬರೆದಿದ್ದರು. ಮಗಳಿಗೆ ಈ ಕೆಲಸ ಬಿಡಿಸು, ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡಿಸಿ ಕೇಳು ಎಂದು ಬೆಳಕೆಯಲ್ಲಿ ಕೆಲವರು ಅಮ್ಮನಿಗೆ ಹೇಳಿದರಂತೆ. ಕೊಳೆತ ಮರಕ್ಕೆ ಎಂತ ಪ್ರಶ್ನೆ ಇಡೂದು ಎಂದು ಅವಳು ಕೇಳಿದಳಂತೆ.

ಕೆಲವು ವಾರಗಳ ಮೇಲೆ ಬಟ್ಟೆ ಅಂಗಡಿಯ ಭಾವ ನನಗೆ ಒಂದು ಪೋಸ್ಟರ್ ಕಳಿಸಿದರು. ಮುರಿದ ಮುಚ್ಚಿಗೆ, ಕೆಳಗೆ ಉರುಳಿದ ಕುರ್ಚಿಗಳು, ಮೇಲೆ ದೊಡ್ಡ ಅಕ್ಷರದಲ್ಲಿ 'ಮಾಡನ್ನೇ ಕೆಡವಿದ ಚಿತ್ರ'. ನಾನು ಅಮ್ಮನನ್ನು ಕರೆದುಕೊಂಡು ಭಟ್ಕಳಕ್ಕೆ ಹೋದೆ. ಅಂಗಡಿಯಲ್ಲಿ ಸೀರೆ ಆರಿಸುವವರು ಕೂತಿದ್ದರು. ಭಾವ ನಮ್ಮನ್ನು ಒಳಗಿನ ಗೋದಾಮಿಗೆ ಕರೆದೊಯ್ದು ಚಾ ತರಿಸಿದರು. ಕೆಟ್ಟ ಮನುಷ್ಯ ಅಲ್ಲ. ಜನ ಅದನ್ನೇ ಮಾತಾಡುತ್ತಿದ್ದಾರೆ, ನಾವು ಹೇಳದಿದ್ದರೂ ಹೇಳುತ್ತಾರೆ, ಹುಡುಗನೂ ಒಪ್ಪಿದ್ದಾನೆ ಎಂದರು. 

ಅಮ್ಮ ಚಾ ಲೋಟ ಕೆಳಗಿಟ್ಟಳು. "ಅಲ್ಲಿ ಕೂತದ್ದು ನಾವು" ಎಂದಳು. "ಬೆಳಕೆಯ ಮಕ್ಕಳು ಕೂತಿದ್ದೊ. ಅವು ಸತ್ತಿದ್ರೂ ನೀವು ಇದ್ನ ಹಾಕ್ತಿದ್ರಾ?"

ಭಾವ ತಲೆ ತಗ್ಗಿಸಿದರು. ಆದರೆ ಪೋಸ್ಟರ್ ಬೇಡ ಎನ್ನಲಿಲ್ಲ. ಹುಡುಗನ ಹತ್ತಿರ ಮಾತಾಡಿ ಎಂದರು.

ಅವನನ್ನು ಹೊನ್ನಾವರದ ಮನೆಗೆ ಕರೆತಂದಿದ್ದರು. ನಾನೊಬ್ಬಳೇ ಹೋದೆ. ಕಾಲಿಗೆ ಪ್ಲಾಸ್ಟರ್ ಹಾಕಿ ಜಗಲಿಯಲ್ಲಿ ಮಲಗಿದ್ದ. ಒಳಗೆ ಸೆಖೆ ಎಂದ. ಪೋಸ್ಟರಿನ ಮಾತು ತೆಗೆದೆ. ಅವನು ಸಿಟ್ಟಾಗಲಿಲ್ಲ.

"ಬಿದ್ದದ್ದು ನನ್ನ ಮೈಮೇಲೆ ಅಲ್ದಾ ಅಕ್ಕಾ. ಬೇಡ ಹೇಳೂಕೆ ನನಗೊಬ್ಬನಿಗೇ ಹಕ್ಕಿರೂದು. ನಾ ಬೇಡ ಹೇಳೂದಿಲ್ಲ" ಎಂದ.

ಅವನು ಹೇಳಿದ್ದು ನ್ಯಾಯವೇ ಅನಿಸಿತು. ಹಾಗಿದ್ದರೂ ಆ ಪೋಸ್ಟರಿನ ಕೆಳಗೆ ನನ್ನ ಹೆಸರು ಬೇಡ ಎಂದು ಹೇಳಿ ಬಂದೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ನನ್ನದು ಹಟವೋ, ಅವನದು ಹಟವೋ ಗೊತ್ತಾಗಲಿಲ್ಲ.

ಊರುಗೋಲು ಹಿಡಿದು ನಡೆಯಲು ಬಂದ ಮೇಲೆ ಅವನು ಕುಮಟಾಕ್ಕೆ ಬಂದ. ಚಿತ್ರವನ್ನು ಇನ್ನೊಮ್ಮೆ ನೋಡಿ ಮುಗಿಸಿಬಿಡೋಣ, ಬೇಕಾದರೆ ಪಿಟೀಲು ಹಾಕದಿದ್ದರೂ ಆದೀತು ಎಂದ. ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದ. ಕಾಂಕ್ರೀಟಿನ ತಾರಸಿ ಎಂದು ಹೇಳಿದೆ. ಬಾಗಿಲು ಹಾಕಬೇಡಿ ಎಂದ. ಎರಡೂ ಬಾಗಿಲು ತೆರೆದಿಟ್ಟೆ. ಹೊರಗೆ ಹೆದ್ದಾರಿಯ ಲಾರಿಗಳು ಕೇಳುತ್ತಿದ್ದವು.

ಮೊದಲ ಭಾಗ ನಗುತ್ತಲೇ ನೋಡಿದ. ಹುಡುಗಿ ಗಂಡನ ಮನೆಗೆ ಬಂದಳು. ಅಟ್ಟದಲ್ಲಿ ಮೊದಲ ಸಲ ಮರ ನರಳಿತು. ನಾನು ಅವನ ಕಡೆ ನೋಡಲಿಲ್ಲ. ನನ್ನ ಬೆರಳು ಸದ್ದು ಇಳಿಸುವ ಫೇಡರಿನ ಮೇಲೆಯೇ ಇತ್ತು. ಎರಡನೆಯ ಸಲ ನರಳಿದಾಗ ಪಕ್ಕದಲ್ಲಿ ಊರುಗೋಲು ನೆಲಕ್ಕೆ ಬಿತ್ತು. ತಿರುಗಿದರೆ ಅವನು ಪೆಟ್ಟಾಗದ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದು, ಕುರ್ಚಿಯಲ್ಲಿ ಮುದುಡಿ ಕೂತಿದ್ದ. ಹಣೆಯಲ್ಲಿ ಬೆವರು.  ಥಟ್ಟನೆ ನಿಲ್ಲಿಸಿದೆ. ಹೊರಗೆ ಕರೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟೆ.  ಕುಡಿದು ಲೋಟ ಕೆಳಗಿಟ್ಟು, ತೆಗೀರಿ ಅದ್ನ, ಎಂದ. ಅಟ್ಟದ ಮರದ ಸದ್ದನ್ನು ಹೇಳುತ್ತಿದ್ದಾನೆ ಎಂದು ಗೊತ್ತಿತ್ತು.

ಅಲ್ಲೇ ಕೂತು ಭಾವನಿಗೆ ಫೋನ್ ಮಾಡಿ ಪೋಸ್ಟರ್ ಬೇಡವೆಂದು ಹೇಳಿದ. ಅತ್ತ ಕಡೆಯಿಂದ ಏನು ಹೇಳಿದರೋ, ಇವನು ಬರೀ ಇಲ್ಲ ಇಲ್ಲ ಎನ್ನುತ್ತಿದ್ದ.

ದೋಣಿಯ ಹಲಗೆಯ ಸದ್ದು ನಾನು ಮಾಡಿದವುಗಳಲ್ಲೆಲ್ಲ ಚೆನ್ನಾಗಿ ಬಂದಿದ್ದ ಸದ್ದು. ಅದನ್ನು ತೆಗೆದರೆ ಚಿತ್ರದಲ್ಲಿ ಏನು ಉಳಿಯುತ್ತದೆ ಎಂದು ಗಂಡನ ಹತ್ತಿರ ಹೇಳಿ ಅತ್ತಿದ್ದೇನೆ. ಮರ ಇರಕೂಡದು, ಎಳೆಯುವುದು ಇರಕೂಡದು, ಆದರೂ ತಲೆಯ ಮೇಲೆ ಯಾರೋ ಇರಬೇಕು. ಗೋಣಿ ಎಳೆದೆ, ಸರಪಳಿ ಎಳೆದೆ, ಅಕ್ಕಿ ಚೆಲ್ಲಿದೆ. ಎಲ್ಲ ಸುಳ್ಳು ಸುಳ್ಳಾಗಿ ಕೇಳುತ್ತಿತ್ತು.

ಬೇರೇನೋ ಕೆಲಸಕ್ಕೆ ಅಘನಾಶಿನಿಗೆ ಹೋಗಿದ್ದೆ. ಇಳಿತದ ಹೊತ್ತು. ಹೊಳೆಯ ಕೆಸರಿನಲ್ಲಿ ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕುವವರು ಬಾಗಿಕೊಂಡಿದ್ದರು. ದಂಡೆಯಲ್ಲಿ ಮಾಂಸ ತೆಗೆದ ಬೆಳಚಿನ ಚಿಪ್ಪುಗಳ ರಾಶಿ, ಸುಣ್ಣ ಸುಡುವವರಿಗೆ ಕೊಡಲು ಇಟ್ಟದ್ದು. ಒಬ್ಬಾಕೆ ಬುಟ್ಟಿಯಲ್ಲಿದ್ದ ಚಿಪ್ಪನ್ನು ರಾಶಿಯ ಮೇಲೆ ಸುರಿದಳು. ಸುರಿದು ಮುಗಿದ ಮೇಲೂ ರಾಶಿ ಒಳಗೊಳಗೇ ಜಾರುತ್ತಾ, ಯಾರೋ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತಿತ್ತು.  ಇನ್ನೊಮ್ಮೆ ಸುರಿಯುತ್ತೀರಾ ಎಂದು ಕೇಳಿ, ಮೈಕನ್ನು ಬಟ್ಟೆಯಲ್ಲಿ ಸುತ್ತಿ ರಾಶಿಯೊಳಗೆ ಹುಗಿದೆ. ಎಂತಕ್ಕೆ ಎಂದು ಆಕೆ ಕೇಳಿದಳು. ದೆವ್ವಕ್ಕೆ ಎಂದೆ. ನಗುತ್ತಾ, ಬೇಕಾದಷ್ಟು ಸಲ ಸುರಿದುಕೊಟ್ಟಳು.

ಅಟ್ಟದಲ್ಲಿ ಈಗ ಯಾರೂ ಏನನ್ನೂ ಎಳೆಯುವುದಿಲ್ಲ. ಯಾರೋ ಕೂತು, ಏನನ್ನೋ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಿಯುತ್ತಾರೆ. ಆಗಾಗ ನಿಲ್ಲಿಸುತ್ತಾರೆ. ದಪ್ಪ ದನಿಯನ್ನೂ ತೆಗೆದುಹಾಕಿದೆ. ಮೊದಲಿನಷ್ಟು ಬೆಚ್ಚಿಬೀಳಿಸುವುದಿಲ್ಲ. ಆದರೆ ಕೇಳಿದವರು ಆಮೇಲೂ ಮೈ ಉಜ್ಜಿಕೊಳ್ಳುತ್ತಿರುತ್ತಾರೆ. ನಿರ್ದೇಶಕನಿಗೆ ಮೊಬೈಲಿನಲ್ಲಿ ಕಳಿಸಿದೆ. ಬಿಸಿಲಲ್ಲಿ ಅಂಗಳದಲ್ಲಿ ನಿಂತು ಕೇಳಿದೆ, ಆತು, ಇದೇ ಇರಲಿ ಎಂದು ಉತ್ತರ ಬಂತು.

ಚಿತ್ರ ಕುಮಟಾದಲ್ಲಿ ಒಂದು ಒಳ್ಳೆಯ ಹಾಲಿನಲ್ಲಿ ಬಂತು, ಮಧ್ಯಾಹ್ನದ ಆಟಕ್ಕೆ. ಹಿಂದಿನ ದಿನವೇ ಹೋಗಿ ಆ ಹಾಲಿನ ಮಾಡು, ಬಾಗಿಲು ಎಲ್ಲ ನೋಡಿ ಬಂದಿದ್ದೆ. ಅಲ್ಲಿಯವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಮ್ಮ ಬೆಳಕೆಯ ಒಂದಿಬ್ಬರನ್ನು ಹೊರಡಿಸಿಕೊಂಡು ಬಂದಿದ್ದಳು. ಉಳಿದವರು ಬರಲು ಒಪ್ಪಲಿಲ್ಲ. ಅವಳು ಬಾಗಿಲ ಹತ್ತಿರದ ಸೀಟು ಬೇಡವೆಂದು ಹೇಳಿ ನಡುವೆಯೇ ಕೂತಳು. ನಾನು ಅವಳ ಪಕ್ಕ ಕೂತೆ. ಚಿಪ್ಪು ಸುರಿಯತೊಡಗಿದಾಗ ಅವಳು ನನ್ನ ಮೊಣಕೈ ಹಿಡಿದಳು. ಹೆದರಿಕೆಗೆ ಹಿಡಿದಳೋ, ನಾನು ಎದ್ದು ಹೋಗದ ಹಾಗೆ ಹಿಡಿದಳೋ ನಾನು ಕೇಳಲಿಲ್ಲ.

ನಿರ್ದೇಶಕನ ಸೀಟು ಖಾಲಿ ಇತ್ತು. ಮಧ್ಯಂತರದಲ್ಲಿ ಹೊರಗೆ ಹೋಗಿ ನೋಡಿದೆ. ಟಿಕೆಟ್ ಕೊಡುವ ಕಿಟಕಿಯ ಎದುರಿನ ಬೆಂಚಿನ ಮೇಲೆ ಊರುಗೋಲು ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದ. ಒಳಗೆ ಬರಲು ಆಗಲಿಲ್ಲ ಅಕ್ಕಾ, ಬಾಗಿಲವರೆಗೆ ಬಂದಿದ್ದೆ ಎಂದ. ನಾನೂ ಒಳಗೆ ಹೋಗಲಿಲ್ಲ. ಅಂಗಡಿಯಿಂದ ಎರಡು ಚಾ ತಂದು ಅವನ ಪಕ್ಕ ಕೂತೆ. ಹಾಲಿನ ಬಾಗಿಲು ಮುಚ್ಚಿತು. ಒಳಗಿನಿಂದ ಆಗಾಗ ಜನರ ದನಿ ಒಮ್ಮೆಲೇ ಎದ್ದು ತಗ್ಗುತ್ತಿತ್ತು. ಪ್ರತಿ ಸಲವೂ ಅವನು ನನ್ನ ಮುಖ ನೋಡುತ್ತಿದ್ದ, ಈಗ ಚಿತ್ರ ಎಲ್ಲಿದೆ ಎಂದು ಕೇಳುತ್ತಿದ್ದ. ನಾನು ದೃಶ್ಯ ಹೇಳುತ್ತಿದ್ದೆ.